ಬಿಸಿಲು, ಗಾಳಿ, ನೀರು: ಕಲ್ಲಿದ್ದಲಿನ ಕೆಲಸವನ್ನು ಯಾವುದು ಎಷ್ಟು ಮಾಡೀತು?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಪರ್ಯಾಯ ಇಂಧನದ ಮಾತು ಬಂದ ಕೂಡಲೇ ಜನ ಎರಡು ಪಕ್ಷ ಆಗಿಬಿಡುತ್ತಾರೆ. ಒಂದು ಪಕ್ಷದವರು "ಬಿಸಿಲು ಪುಕ್ಕಟೆ, ಗಾಳಿ ಪುಕ್ಕಟೆ, ಮತ್ತೇಕೆ ಕಲ್ಲಿದ್ದಲು?" ಅನ್ನುತ್ತಾರೆ. ಇನ್ನೊಂದು ಪಕ್ಷದವರು "ರಾತ್ರಿ ಬಿಸಿಲಿಲ್ಲ, ಕರೆದಾಗ ಗಾಳಿ ಬರುವುದಿಲ್ಲ, ಇದೆಲ್ಲ ಆಗುವ ಹೋಗುವ ಮಾತಲ್ಲ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಆದರೆ ಇಬ್ಬರೂ ಒಂದು ಪ್ರಶ್ನೆಯನ್ನು ದಾಟಿಕೊಂಡು ಹೋಗುತ್ತಾರೆ. ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಇವು ನಮಗೆ ಯಾವ ಯಾವ ಕೆಲಸ ಮಾಡಿಕೊಡುತ್ತಿವೆ? ಅದು ಗೊತ್ತಿಲ್ಲದೆ ಅವುಗಳ ಜಾಗಕ್ಕೆ ಇನ್ನೊಂದನ್ನು ತರುವುದು ಹೇಗೆ?

ಅಲ್ಲಿಂದಲೇ ಶುರು ಮಾಡೋಣ.

ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಕ್ತಿ ಇದೆ. ಯೂನಿಟ್ ಅಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಒಂದು ಕಿಲೋವ್ಯಾಟ್ ಗಂಟೆ. ಈಗಿನ ಲಿಥಿಯಂ ಬ್ಯಾಟರಿ ಒಂದು ಕಿಲೋ ತೂಕಕ್ಕೆ ಕಾಲು ಯೂನಿಟ್ ಹಿಡಿದರೆ ಅದೇ ಹೆಚ್ಚು. ಕಲ್ಲಿದ್ದಲನ್ನು ತಂದು ಅಂಗಳದಲ್ಲಿ ರಾಶಿ ಹಾಕಿದರೆ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಬೇಕಾದಾಗ ಉರಿಸಬಹುದು. ಹಡಗಿಗೆ ತುಂಬಿ ಇನ್ನೊಂದು ಖಂಡಕ್ಕೆ ಕಳಿಸಬಹುದು. ಅಂದರೆ ಪಳೆಯುಳಿಕೆ ಇಂಧನ ಮೂರು ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಶಕ್ತಿ ಕೊಡುತ್ತದೆ, ಆ ಶಕ್ತಿಯನ್ನು ತನ್ನೊಳಗೇ ಕೂಡಿಟ್ಟುಕೊಂಡಿರುತ್ತದೆ, ಬೇಕಾದ ಕಡೆಗೆ ಬೇಕಾದ ಹೊತ್ತಿಗೆ ಹೋಗುತ್ತದೆ.

ಬಿಸಿಲು ಮತ್ತು ಗಾಳಿ ಇದರಲ್ಲಿ ಮೊದಲನೇ ಕೆಲಸವನ್ನು ಮಾತ್ರ ಮಾಡುತ್ತವೆ. ಅದನ್ನು ತುಂಬ ಚೆನ್ನಾಗಿ, ತುಂಬ ಅಗ್ಗವಾಗಿ ಮಾಡುತ್ತವೆ. ಉಳಿದ ಎರಡು ಕೆಲಸಗಳನ್ನು ನಾವು ಬೇರೆ ಕಡೆಯಿಂದ ತರಬೇಕು. ಬ್ಯಾಟರಿಯಿಂದ, ಜಲಾಶಯದಿಂದ, ಉದ್ದದ ತಂತಿಗಳಿಂದ, ಬಳಸುವ ಹೊತ್ತನ್ನು ಬದಲಿಸುವುದರಿಂದ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ. "ಯಾವ ಇಂಧನ ಒಳ್ಳೆಯದು?" ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. "ಯಾವ ಕೆಲಸಕ್ಕೆ, ಯಾವ ಹೊತ್ತಿಗೆ?" ಅಂತ ಕೇಳಬೇಕು.

ಇನ್ನೊಂದು ಮಾತು. ತೂಗುವಾಗ ಎಲ್ಲವನ್ನೂ ಒಂದೇ ಅಳತೆಯಲ್ಲಿ ತೂಗಬೇಕು. ಸೋಲಾರ್ ಪ್ಯಾನೆಲ್ ತಯಾರಿಸುವಾಗ ಹೊಗೆ ಬರುವುದಿಲ್ಲವೇ, ಗಾಳಿಯಂತ್ರಕ್ಕೆ ಸಿಮೆಂಟು ಬೇಡವೇ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಅದಕ್ಕೆ ಲೆಕ್ಕವೂ ಇದೆ. ಗಣಿಯಿಂದ ಹಿಡಿದು ಕೊನೆಗೆ ಬಿಚ್ಚಿ ಹಾಕುವವರೆಗೆ ಎಲ್ಲವನ್ನೂ ಸೇರಿಸಿ, ಒಂದು ಯೂನಿಟ್ ಕರೆಂಟಿಗೆ ಎಷ್ಟು ಗ್ರಾಂ ಇಂಗಾಲದ ಹೊರೆ ಬೀಳುತ್ತದೆ ಅಂತ ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ, 2014ರ ವರದಿಯಲ್ಲಿ ಕೊಟ್ಟಿದೆ. ಕಲ್ಲಿದ್ದಲಿಗೆ 820 ಗ್ರಾಂ. ಗ್ಯಾಸ್‌ಗೆ 490. ದೊಡ್ಡ ಸೋಲಾರ್ ಘಟಕಕ್ಕೆ 48. ನೀರಿಗೆ 24. ನೆಲದ ಮೇಲಿನ ಗಾಳಿಯಂತ್ರಕ್ಕೆ 11. ಇವು ಬೇರೆ ಬೇರೆ ಅಧ್ಯಯನಗಳ ನಡುವಿನ ಅಂಕಿಗಳು. ಜಾಗದಿಂದ ಜಾಗಕ್ಕೆ ಹೆಚ್ಚು ಕಡಿಮೆ ಆಗುತ್ತದೆ. ಆದರೆ 820ಕ್ಕೂ 11ಕ್ಕೂ ಇರುವ ಅಂತರ ಯಾವ ಜಾಗದಲ್ಲೂ ಮಾಯವಾಗುವುದಿಲ್ಲ.

ಈ ಹೊರೆ ಹೋಗಿ ಸೇರುವುದು ಗಾಳಿಗೆ, ಅಲ್ಲಿ ಅದು ಭೂಮಿಯನ್ನು ಬಿಸಿ ಮಾಡುತ್ತದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷಕ್ಕೆ ಸುಮಾರು 315 ಪಾಲು ಇತ್ತು. ಕೈಗಾರಿಕೆಗಳು ಬರುವ ಮೊದಲು ಅದು 280ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಇದರ ಜೊತೆಗೆ ಉಸಿರಿನ ಲೆಕ್ಕವೂ ಇದೆ. ಹೊರಗಿನ ಗಾಳಿಯ ಮಾಲಿನ್ಯದಿಂದ 2019ರಲ್ಲಿ 42 ಲಕ್ಷ ಜನ ಅವಧಿಗೆ ಮೊದಲೇ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಷ್ಟೂ ಕಲ್ಲಿದ್ದಲು, ಎಣ್ಣೆಯಿಂದಲೇ ಅಲ್ಲ. ಆದರೆ ದೊಡ್ಡ ಪಾಲು ಉರಿಸುವುದರಿಂದ ಬಂದದ್ದು. ಒಂದು ಟನ್ ಕಲ್ಲಿದ್ದಲಿನ ಬೆಲೆಯಲ್ಲಿ ಈ ಸಾವುಗಳಿಗೆ ಜಾಗ ಇಲ್ಲ. ಹಾಗಾಗಿ "ಕಲ್ಲಿದ್ದಲು ಅಗ್ಗ" ಅನ್ನುವ ಮಾತನ್ನು ನಾನು ಅರ್ಧ ಬಿಲ್ ನೋಡಿ ಆಡಿದ ಮಾತು ಅಂತಲೇ ತಿಳಿಯುತ್ತೇನೆ.

ಶೇಕಡಾ 80 ಅನ್ನುವ ಗಾಬರಿ

ಪ್ರಪಂಚ ಬಳಸುವ ಒಟ್ಟು ಶಕ್ತಿಯಲ್ಲಿ ಶೇ. 80ರಷ್ಟು ಈಗಲೂ ಪಳೆಯುಳಿಕೆ ಇಂಧನದ್ದೇ. ಈ ಅಂಕಿಯನ್ನು ತೋರಿಸಿ ತುಂಬ ಜನ ಕೈಚೆಲ್ಲುತ್ತಾರೆ. "ಇಷ್ಟನ್ನೆಲ್ಲ ಪ್ಯಾನೆಲ್‌ಗಳಿಂದ ತುಂಬಲು ಆಗುತ್ತದಾ?" ಅಂತ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಆ ಶೇ. 80 ಅಂದರೆ ಕುಲುಮೆಗೆ, ಎಂಜಿನ್ನಿಗೆ ಸುರಿದ ಇಂಧನದ ಲೆಕ್ಕ. ನಮಗೆ ಸಿಕ್ಕ ಕೆಲಸದ ಲೆಕ್ಕ ಅಲ್ಲ. ಸಾಮಾನ್ಯ ಕಲ್ಲಿದ್ದಲು ಸ್ಥಾವರದಲ್ಲಿ ಮೂರು ಪಾಲು ಶಕ್ತಿ ಸುರಿದರೆ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಕರೆಂಟಾಗಿ ಬರುತ್ತದೆ. ಉಳಿದದ್ದು ಬಿಸಿಯಾಗಿ ಚಿಮಣಿ ಮತ್ತು ಕೂಲಿಂಗ್ ಟವರ್ ಮೂಲಕ ಹೊರಗೆ ಹೋಗುತ್ತದೆ. ಪೆಟ್ರೋಲ್ ಕಾರು ಇನ್ನೂ ಕೆಟ್ಟದ್ದು. ಟ್ಯಾಂಕಿನಲ್ಲಿರುವ ಶಕ್ತಿಯ ಕಾಲು ಪಾಲು ಚಕ್ರ ತಿರುಗಿಸಿದರೆ ಹೆಚ್ಚು. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಗೆ ತುಂಬಿದ್ದರ ಬಹುಪಾಲು ಚಕ್ರಕ್ಕೇ ಹೋಗುತ್ತದೆ. ಕೋಣೆ ಬಿಸಿ ಮಾಡುವ ಹೀಟ್ ಪಂಪ್ ಇದೆಯಲ್ಲ, ಅದು ಒಂದು ಯೂನಿಟ್ ಕರೆಂಟ್ ತಿಂದು ಹೊರಗಿನ ಗಾಳಿಯಿಂದ ಬಿಸಿಯನ್ನು ಎಳೆದು ಸುಮಾರು ಮೂರು ಯೂನಿಟ್ ಬಿಸಿ ಕೊಡುತ್ತದೆ.

ಇದರ ಅರ್ಥ ಏನು? ನಾವು ಇವತ್ತು ಸುಡುತ್ತಿರುವ ಪ್ರತಿ ಯೂನಿಟ್ಟಿಗೂ ಬದಲಿ ಯೂನಿಟ್ ಹುಡುಕಬೇಕಾಗಿಲ್ಲ. ಅದರಲ್ಲಿ ದೊಡ್ಡ ಪಾಲು ನಮ್ಮ ಕೈಗೇ ಬರದೆ ಹೋಗುತ್ತಿದೆ. ಇನ್ನೊಂದು ವಿಷಯ: ಸಮುದ್ರದ ಮೇಲೆ ಸಾಗುವ ಸರಕಿನ ತೂಕದಲ್ಲಿ ಸುಮಾರು ಶೇ. 40 ಕಲ್ಲಿದ್ದಲು, ಎಣ್ಣೆ, ಗ್ಯಾಸ್. ಇಂಧನ ಸಾಗಿಸಲಿಕ್ಕೇ ಇಷ್ಟು ಹಡಗು, ಆ ಹಡಗಿಗೆ ಮತ್ತೆ ಇಂಧನ. ಇಂಧನವನ್ನೇ ಸಾಗಿಸುವ ಅಗತ್ಯ ಕಡಿಮೆಯಾದಂತೆ ಈ ಖರ್ಚೂ ಕರಗುತ್ತದೆ.

ಅಂದ ಮಾತ್ರಕ್ಕೆ ಕೆಲಸ ಸುಲಭ ಅಲ್ಲ. ಕೊನೆಗೆ ಬಳಕೆಯಾಗುವ ಶಕ್ತಿಯಲ್ಲಿ ಕರೆಂಟಿನ ಪಾಲು ಇವತ್ತಿಗೂ ಐದರಲ್ಲಿ ಒಂದು ಭಾಗ ಅಷ್ಟೇ. ಉಳಿದದ್ದು ನೇರವಾಗಿ ಉರಿಸುವುದು: ಎಂಜಿನ್, ಕುಲುಮೆ, ಒಲೆ, ಬಾಯ್ಲರ್. ಬಿಸಿಲು, ಗಾಳಿ ಕೊಡುವುದು ಕರೆಂಟನ್ನು. ಆದ್ದರಿಂದ ಕರೆಂಟ್ ಸ್ವಚ್ಛ ಮಾಡುವುದು ಒಂದು ಕೆಲಸ, ಉರಿಸುವ ಜಾಗಕ್ಕೆಲ್ಲ ಕರೆಂಟ್ ತರುವುದು ಇನ್ನೊಂದು ಕೆಲಸ. ಎರಡನೆಯದು ಜಾಸ್ತಿ ಕಷ್ಟ, ಅದರ ಬಗ್ಗೆ ಮಾತು ಮಾತ್ರ ಕಡಿಮೆ.

ಬಿಸಿಲು

ಬೆಳಕು ಬಿದ್ದರೆ ಕರೆಂಟ್ ಹುಟ್ಟುತ್ತದೆ ಅನ್ನುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲೇ ಕಂಡಿದ್ದರು. ಕೆಲಸಕ್ಕೆ ಬರುವ ಸಿಲಿಕಾನ್ ಕೋಶ (ಪ್ಯಾನೆಲ್ಲಿನ ಒಂದು ಬಿಡಿ ತುಣುಕು) ಬಂದದ್ದು 1954ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ. ಬಿದ್ದ ಬಿಸಿಲಿನಲ್ಲಿ ಶೇ. 6ನ್ನು ಅದು ಕರೆಂಟ್ ಮಾಡುತ್ತಿತ್ತು. ಈಗ ಮಾರುಕಟ್ಟೆಯಲ್ಲಿ ಸಿಗುವ ಒಳ್ಳೆಯ ಪ್ಯಾನೆಲ್ ಶೇ. 20ರಿಂದ 22ರವರೆಗೆ ಮಾಡುತ್ತದೆ. ಒಂದೇ ಪದರದ ಕೋಶ ಶೇ. 33ರ ಸುಮಾರಿನ ಮಿತಿಯನ್ನು ದಾಟಲು ಭೌತಶಾಸ್ತ್ರವೇ ಬಿಡುವುದಿಲ್ಲ.

ದಕ್ಷತೆಗಿಂತ ದೊಡ್ಡ ಕಥೆ ಬೆಲೆಯದು. 1970ರ ದಶಕದ ನಡುವಿನಿಂದ ಇಲ್ಲಿಯವರೆಗೆ ಪ್ಯಾನೆಲ್ ಬೆಲೆ ನೂರಕ್ಕೆ 99 ಪಾಲಿಗೂ ಹೆಚ್ಚು ಇಳಿದಿದೆ. ಪ್ರಪಂಚದಲ್ಲಿ ಹಾಕಿದ ಒಟ್ಟು ಪ್ಯಾನೆಲ್ ಪ್ರಮಾಣ ಎರಡರಷ್ಟು ಆದಾಗಲೆಲ್ಲ ಬೆಲೆ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತ ಬಂದಿದೆ. ಕಲ್ಲಿದ್ದಲಿಗೆ ಈ ಗುಣ ಇಲ್ಲ. ಅಗೆದಷ್ಟೂ ಆಳಕ್ಕೆ ಹೋಗಬೇಕು. ಪ್ಯಾನೆಲ್ ಕಾರ್ಖಾನೆಯ ಸರಕು, ಮಾಡುತ್ತ ಮಾಡುತ್ತ ಕೈ ಪಳಗುತ್ತದೆ. 2022ರಲ್ಲಿ ಪ್ರಪಂಚದ ಒಟ್ಟು ಸೋಲಾರ್ ಸಾಮರ್ಥ್ಯ ಹತ್ತು ಲಕ್ಷ ಮೆಗಾವ್ಯಾಟ್ ದಾಟಿತು (ಒಂದು ಮೆಗಾವ್ಯಾಟ್ ಅಂದರೆ ಗಂಟೆಗೆ ಸಾವಿರ ಯೂನಿಟ್).

ಆದರೆ ಮೆಗಾವ್ಯಾಟ್ ಅನ್ನುವ ಅಂಕಿಯನ್ನು ನೋಡುವಾಗ ಹುಷಾರಾಗಿರಬೇಕು. 100 ಮೆಗಾವ್ಯಾಟ್ ಸೋಲಾರ್ ಅಂದರೆ ನಡುಹಗಲಿನ ಒಳ್ಳೆಯ ಬಿಸಿಲಿನಲ್ಲಿ ಬರುವ ಕರೆಂಟ್. ರಾತ್ರಿ, ಮೋಡ, ಸಂಜೆ ಎಲ್ಲ ಸೇರಿಸಿ ವರ್ಷದ ಸರಾಸರಿ ತೆಗೆದರೆ 10ರಿಂದ 25 ಮೆಗಾವ್ಯಾಟ್ ಬರುತ್ತದೆ. ಗಾಳಿಯಲ್ಲಿ ಈ ಸರಾಸರಿ 25ರಿಂದ 40, ಸಮುದ್ರದ ಮೇಲಾದರೆ ಇನ್ನೂ ಹೆಚ್ಚು. ಸುದ್ದಿಯಲ್ಲಿ "ಇಷ್ಟು ಸಾವಿರ ಮೆಗಾವ್ಯಾಟ್ ಸ್ಥಾಪನೆ" ಅಂತ ಓದಿದಾಗ ಈ ಭಾಗಾಕಾರ ಮಾಡಿಕೊಳ್ಳಿ.

ಹೊತ್ತಿನ ಸಮಸ್ಯೆಯೂ ಇದೆ. ಸೋಲಾರ್ ಜಾಸ್ತಿ ಇರುವ ಕಡೆ ಮಧ್ಯಾಹ್ನ ಕರೆಂಟ್ ಮಿಕ್ಕುತ್ತದೆ. ಸಂಜೆ ಸೂರ್ಯ ಇಳಿಯುತ್ತಾನೆ, ಅದೇ ಹೊತ್ತಿಗೆ ಎಲ್ಲರೂ ಮನೆಗೆ ಬಂದು ಸ್ವಿಚ್ ಹಾಕುತ್ತಾರೆ. ಆ ಎರಡು ಮೂರು ಗಂಟೆಯಲ್ಲಿ ಬೇರೆ ಮೂಲಗಳು ಒಮ್ಮೆಲೇ ಏರಬೇಕು. ಕ್ಯಾಲಿಫೋರ್ನಿಯಾದ ಗ್ರಿಡ್ (ಕರೆಂಟ್ ಹಂಚುವ ತಂತಿಗಳ ಜಾಲ) ನಡೆಸುವವರು 2013ರಲ್ಲಿ ಇದರ ನಕ್ಷೆ ಬಿಡಿಸಿದಾಗ ಅದು ಬಾತುಕೋಳಿಯ ಆಕಾರದಲ್ಲಿ ಬಂತು. ಆ ಹೆಸರೇ ಉಳಿದುಕೊಂಡಿದೆ. ಮಧ್ಯಾಹ್ನದ ಒಂದು ಯೂನಿಟ್ಟಿಗೂ ಸಂಜೆ ಏಳರ ಒಂದು ಯೂನಿಟ್ಟಿಗೂ ಬೆಲೆ ಒಂದೇ ಅಲ್ಲ. ಸೋಲಾರ್ ಅಗ್ಗ ಅನ್ನುವಾಗ ಯಾವ ಹೊತ್ತಿನ ಸೋಲಾರ್ ಅಂತಲೂ ಹೇಳಬೇಕು.

ಗಾಳಿ

ಗಾಳಿಯ ಬಗ್ಗೆ ನೆನಪಿಡಬೇಕಾದ ಗಣಿತ ಒಂದೇ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ. ತಿರುಗಿಸಿ ಹೇಳಿದರೆ, ಗಾಳಿಯ ವೇಗ ಐದನೇ ಒಂದು ಭಾಗ ಕಡಿಮೆ ಇದ್ದರೆ ಸಿಗುವ ಶಕ್ತಿ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಗಾಳಿಯಂತ್ರಕ್ಕೆ ಜಾಗದ ಆಯ್ಕೆಯೇ ಎಲ್ಲ. ಅದಕ್ಕೇ ಕಂಬ ಎತ್ತರ ಎತ್ತರಕ್ಕೆ ಹೋಗುತ್ತಿದೆ. ಅದಕ್ಕೇ ಜನ ಸಮುದ್ರಕ್ಕೆ ಇಳಿದದ್ದು.

ಸಮುದ್ರದ ಮೊದಲ ಗಾಳಿಯಂತ್ರಗಳ ಸಾಲು ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ ಶುರುವಾಯಿತು. ಹನ್ನೊಂದು ಯಂತ್ರ, ಒಟ್ಟು ಸುಮಾರು 5 ಮೆಗಾವ್ಯಾಟ್. ಈಗ ಸಮುದ್ರದಲ್ಲಿ ನಿಲ್ಲಿಸುವ ದೊಡ್ಡ ಯಂತ್ರ ಒಂದೇ 14, 15 ಮೆಗಾವ್ಯಾಟಿನದು. ಡೆನ್ಮಾರ್ಕ್ ಇವತ್ತು ತನ್ನ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದ ಪಡೆಯುತ್ತದೆ. ಇದು ನಡೆಯುವುದಕ್ಕೆ ಅಲ್ಲಿನ ಗಾಳಿ ಮಾತ್ರ ಕಾರಣ ಅಲ್ಲ. ಪಕ್ಕದ ನಾರ್ವೆ, ಸ್ವೀಡನ್‌ಗಳ ಜಲಾಶಯಗಳು ತಂತಿಯಿಂದ ಜೋಡಿಕೊಂಡಿವೆ. ಗಾಳಿ ಜಾಸ್ತಿ ಇದ್ದಾಗ ಡೆನ್ಮಾರ್ಕ್ ಕರೆಂಟ್ ಕಳಿಸುತ್ತದೆ, ಅವರು ನೀರು ಉಳಿಸಿಕೊಳ್ಳುತ್ತಾರೆ. ಗಾಳಿ ನಿಂತಾಗ ಅವರು ನೀರು ಬಿಡುತ್ತಾರೆ. ನೆರೆಯವರ ಜೊತೆ ತಂತಿ ಇಲ್ಲದಿದ್ದರೆ ಈ ಸಾಧನೆ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ. ತಂತಿ ಎಳೆಯುವುದು ಸುದ್ದಿಯಾಗುವ ಕೆಲಸ ಅಲ್ಲ. ಆದರೆ ನನ್ನ ಪ್ರಕಾರ ಇಡೀ ಬದಲಾವಣೆಯಲ್ಲಿ ಕಡಿಮೆ ಗಮನ ಸಿಕ್ಕಿರುವ ಮುಖ್ಯ ಭಾಗ ಅದೇ.

ಗಾಳಿಗೂ ಬಿಸಿಲಿಗೂ ಒಂದು ಒಳ್ಳೆಯ ಹೊಂದಾಣಿಕೆ ಇದೆ. ತುಂಬ ಕಡೆ ಬಿಸಿಲು ಕಡಿಮೆ ಇರುವ ತಿಂಗಳಲ್ಲಿ ಗಾಳಿ ಜಾಸ್ತಿ. ಯೂರೋಪಿನ ಚಳಿಗಾಲ ಹಾಗೆಯೇ. ಒಂದನ್ನೇ ನಂಬುವುದಕ್ಕಿಂತ ಎರಡನ್ನೂ ಬೆರೆಸಿದರೆ ಕೂಡಿಡಬೇಕಾದ ಪ್ರಮಾಣ ಇಳಿಯುತ್ತದೆ. ಹಕ್ಕಿ, ಬಾವಲಿಗಳು ಗಾಳಿಯಂತ್ರದ ರೆಕ್ಕೆ ಬಡಿದು ಸಾಯುವುದು ನಿಜ. ವಲಸೆಯ ದಾರಿ, ಹದ್ದುಗಳ ನೆಲೆ ಬಿಟ್ಟು ಜಾಗ ಆರಿಸಿದರೆ ತುಂಬ ಕಡಿಮೆಯಾಗುತ್ತದೆ. ಇದನ್ನು ಯೋಜನೆ ಮುಗಿದ ಮೇಲೆ ಯೋಚಿಸಿದರೆ ಪ್ರಯೋಜನ ಇಲ್ಲ.

ನೀರು, ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಜಟಿಲ

ನವೀಕರಿಸಬಹುದಾದ ಮೂಲಗಳಲ್ಲಿ ಈಗಲೂ ಜಾಸ್ತಿ ಕರೆಂಟ್ ಕೊಡುವುದು ಜಲವಿದ್ಯುತ್. ಪ್ರಪಂಚದ ಕರೆಂಟಿನಲ್ಲಿ ಸುಮಾರು ಏಳನೇ ಒಂದು ಭಾಗ. ಗೇಟು ತೆರೆದರೆ ನಿಮಿಷಗಳಲ್ಲಿ ಕರೆಂಟ್. ಮುಚ್ಚಿದರೆ ನೀರು ಉಳಿಯಿತು. ನಾನು ಮೊದಲು ಹೇಳಿದ ಮೂರು ಕೆಲಸಗಳಲ್ಲಿ ಎರಡನ್ನು ನೀರು ಮಾಡುತ್ತದೆ. ಹಾಗಿದ್ದರೆ ಇನ್ನಷ್ಟು ಅಣೆಕಟ್ಟು ಕಟ್ಟೋಣ ಅಲ್ವಾ?

ಇಲ್ಲಿ ನಾನು ನಿಲ್ಲುತ್ತೇನೆ. "ನವೀಕರಿಸಬಹುದಾದ" ಅನ್ನುವ ಹಣೆಪಟ್ಟಿ ಇದ್ದ ಮಾತ್ರಕ್ಕೆ ಒಂದು ಯೋಜನೆ ಒಳ್ಳೆಯದಾಗುವುದಿಲ್ಲ. ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ ಬಲ್ಬೀನಾ ಅನ್ನುವ ಅಣೆಕಟ್ಟಿದೆ. ನೆಲ ಚಪ್ಪಟೆ. ನೀರು ಆಳಕ್ಕೆ ನಿಲ್ಲದೆ ಅಗಲಕ್ಕೆ ಹರಡಿತು. ಸುಮಾರು 2,360 ಚದರ ಕಿಲೋಮೀಟರ್ ಮುಳುಗಿತು. ಸಿಕ್ಕ ಸಾಮರ್ಥ್ಯ 250 ಮೆಗಾವ್ಯಾಟ್. ಚೀನಾದ ತ್ರೀ ಗಾರ್ಜಸ್ ಜಲಾಶಯ ಇದರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ 22,500 ಮೆಗಾವ್ಯಾಟ್ ಸಾಮರ್ಥ್ಯ ಕೊಡುತ್ತದೆ. ಬಲ್ಬೀನಾದಲ್ಲಿ ಮುಳುಗಿದ ಮರಗಳು ನೀರಿನಡಿ ಆಮ್ಲಜನಕ ಇಲ್ಲದೆ ಕೊಳೆಯುತ್ತವೆ, ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಾಲು ಹೆಚ್ಚು ಬಿಸಿ ಹಿಡಿಯುವ ಮೀಥೇನ್ ಹೊರಬರುತ್ತದೆ. ಅಲ್ಲಿನ ಒಂದು ಯೂನಿಟ್ ಕರೆಂಟಿನ ಇಂಗಾಲದ ಹೊರೆ ಕಲ್ಲಿದ್ದಲಿಗಿಂತಲೂ ಹೆಚ್ಚು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ಮೆಗಾವ್ಯಾಟ್ ಸೋಲಾರ್‌ಗೆ ಐದು ಎಕರೆ ಅಂತ ಹಿಡಿದರೆ, ಬಲ್ಬೀನಾ ಮುಳುಗಿಸಿದಷ್ಟು ಜಾಗದಲ್ಲಿ ಲಕ್ಷ ಮೆಗಾವ್ಯಾಟ್ ಪ್ಯಾನೆಲ್ ಹಿಡಿಸುತ್ತದೆ. ಕಾಡು ಕಡಿದು ಪ್ಯಾನೆಲ್ ಹಾಕಿ ಅಂತ ಹೇಳುತ್ತಿಲ್ಲ. ಜಾಗದ ಪ್ರಶ್ನೆಯನ್ನು ಸೋಲಾರಿಗೆ ಮಾತ್ರ ಕೇಳಿ ಅಣೆಕಟ್ಟಿಗೆ ಕೇಳದೆ ಇರುವುದು ಸರಿಯಲ್ಲ ಅಂತ ಹೇಳುತ್ತಿದ್ದೇನೆ.

ತ್ರೀ ಗಾರ್ಜಸ್ ಜಾಗದ ಲೆಕ್ಕದಲ್ಲಿ ಗೆದ್ದಿತು ನಿಜ. ಆದರೆ ಅದಕ್ಕಾಗಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಏಳಬೇಕಾಯಿತು. ಅದೇ ದೇಶದ ಹೆನಾನ್ ಪ್ರಾಂತ್ಯದಲ್ಲಿ 1975ರ ಆಗಸ್ಟಿನಲ್ಲಿ ಚಂಡಮಾರುತದ ಮಳೆಗೆ ಬಾನ್‌ಚಿಯಾವ್ ಅಣೆಕಟ್ಟು ಒಡೆಯಿತು. ಅದರ ಜೊತೆ ಇನ್ನೂ ಹಲವು ಒಡೆದವು. ಪ್ರವಾಹ, ಆಮೇಲಿನ ಹಸಿವು, ರೋಗ ಸೇರಿ ಸತ್ತವರ ಅಂದಾಜು ಹತ್ತಾರು ಸಾವಿರದಿಂದ ಎರಡು ಲಕ್ಷದವರೆಗೆ ಹೋಗುತ್ತದೆ. ವಿದ್ಯುತ್ ಉತ್ಪಾದನೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದುರಂತ ಇನ್ನೊಂದಿಲ್ಲ.

ಇನ್ನು ಬರಗಾಲ. ಜಾಂಬಿಯಾ, ಜಿಂಬಾಬ್ವೆ ಎರಡೂ ದೇಶಗಳು ಜಾಂಬೆಜಿ ನದಿಯ ಕರೀಬಾ ಅಣೆಕಟ್ಟನ್ನು ನೆಚ್ಚಿಕೊಂಡಿವೆ. 2024ರ ಬರದಲ್ಲಿ ನೀರು ತಳ ಕಂಡಿತು. ಜನರಿಗೆ ದಿನದ ಬಹುಪಾಲು ಹೊತ್ತು ಕರೆಂಟ್ ಇರಲಿಲ್ಲ. ಹವಾಮಾನ ಬದಲಾವಣೆಗೆ ಉತ್ತರ ಅಂತ ನಾವು ಹಿಡಿದುಕೊಂಡ ಮೂಲವೇ ಆ ಬದಲಾವಣೆಗೆ ಮೊದಲು ಬಲಿಯಾಗಬಹುದು.

ಹಾಗಾದರೆ ನೀರಿನ ಪಾತ್ರ ಏನು? ಕೂಡಿಡುವುದು. ಮೇಲೊಂದು ಕೆರೆ, ಕೆಳಗೊಂದು ಕೆರೆ. ಕರೆಂಟ್ ಮಿಕ್ಕಾಗ ನೀರನ್ನು ಮೇಲಕ್ಕೆ ಪಂಪ್ ಮಾಡುವುದು, ಬೇಕಾದಾಗ ಕೆಳಗೆ ಬಿಡುವುದು. ಹಾಕಿದ ಕರೆಂಟಿನಲ್ಲಿ ಶೇ. 70ರಿಂದ 80 ವಾಪಸ್ ಸಿಗುತ್ತದೆ. ಇದಕ್ಕೆ ದೊಡ್ಡ ನದಿಯೇ ಬೇಕಾಗಿಲ್ಲ, ಎತ್ತರದ ವ್ಯತ್ಯಾಸ ಸಾಕು. ಇರುವ ಅಣೆಕಟ್ಟುಗಳನ್ನು ಹಗಲೆಲ್ಲ ಓಡಿಸದೆ ಸಂಜೆಗೆ, ಗಾಳಿ ಇಲ್ಲದ ದಿನಕ್ಕೆ ಉಳಿಸಿಕೊಳ್ಳುವುದೂ ಇದೇ ಬಗೆಯದು. ಹೊಸ ದೊಡ್ಡ ಅಣೆಕಟ್ಟಿಗಿಂತ ಇರುವ ನೀರನ್ನು ಹೊತ್ತು ನೋಡಿ ಬಳಸುವುದೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಉಳಿದವು

ಭೂಶಾಖದ ಬಗ್ಗೆ ಎರಡು ಮಾತು. ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲಿ ನೆಲದ ಹಬೆಯಿಂದ ಐದು ಬಲ್ಬು ಉರಿಸಿ ತೋರಿಸಿದರು. ಇವತ್ತು ಐಸ್‌ಲ್ಯಾಂಡಿನ ಹತ್ತರಲ್ಲಿ ಒಂಬತ್ತು ಮನೆ ಭೂಶಾಖದಿಂದಲೇ ಬೆಚ್ಚಗಿವೆ. ಕೆನ್ಯಾ ತನ್ನ ಕರೆಂಟಿನಲ್ಲಿ ಶೇ. 40ಕ್ಕೂ ಹೆಚ್ಚನ್ನು ರಿಫ್ಟ್ ಕಣಿವೆಯ ಹಬೆಯಿಂದ ತೆಗೆಯುತ್ತದೆ. ಹಗಲು ರಾತ್ರಿ ಒಂದೇ ಸಮನೆ ಬರುತ್ತದೆ, ಇದು ದೊಡ್ಡ ಗುಣ. ಆದರೆ ಬಿಸಿ ಮೇಲಕ್ಕೇ ಸಿಗುವ ಜಾಗಗಳು ಕಡಿಮೆ. ಉಬ್ಬರವಿಳಿತದಿಂದ ಕರೆಂಟ್ ಮಾಡುವ ಫ್ರಾನ್ಸಿನ ಲಾ ರಾನ್ಸ್ ಸ್ಥಾವರ 1966ರಲ್ಲಿ ಶುರುವಾಗಿ ಇನ್ನೂ ನಡೆಯುತ್ತಿದೆ. ಅದರ ಸಾಮರ್ಥ್ಯ 240 ಮೆಗಾವ್ಯಾಟ್. ಅದಕ್ಕಿಂತ ಸ್ವಲ್ಪ ದೊಡ್ಡದು ಬರಲು 2011ರವರೆಗೆ ಕಾಯಬೇಕಾಯಿತು, ದಕ್ಷಿಣ ಕೊರಿಯಾದ ಸಿಹ್ವಾದಲ್ಲಿ. ನಲವತ್ತೈದು ವರ್ಷದಲ್ಲಿ ಇಷ್ಟೇ ಮುನ್ನಡೆ ಅಂದರೆ ಇದು ಎಲ್ಲರ ಉತ್ತರ ಆಗುವುದಿಲ್ಲ.

ಸಸ್ಯ ಇಂಧನದ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಗಿಡ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಹೆಚ್ಚೆಂದರೆ ಶೇಕಡಾ ಒಂದೆರಡನ್ನು ಹಿಡಿಯುತ್ತದೆ. ಪ್ಯಾನೆಲ್ ಇಪ್ಪತ್ತನ್ನು. ಅಮೆರಿಕದಲ್ಲಿ ಬೆಳೆಯುವ ಮೆಕ್ಕೆಜೋಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಥನಾಲ್ ಆಗಿ ಕಾರಿನ ಟ್ಯಾಂಕಿಗೆ ಹೋಗುತ್ತದೆ. ಆ ನೆಲ, ನೀರು, ಗೊಬ್ಬರ, ಟ್ರಾಕ್ಟರಿನ ಡೀಸೆಲ್ ಎಲ್ಲ ಲೆಕ್ಕ ಹಾಕಿದರೆ ಲಾಭ ತುಂಬ ತೆಳು. ಮರ ಸುಟ್ಟು ಕರೆಂಟ್ ಮಾಡುವುದನ್ನು "ಮತ್ತೆ ಮರ ಬೆಳೆಯುತ್ತದಲ್ಲ" ಅಂತ ಸಮರ್ಥಿಸುತ್ತಾರೆ. ಹೊಗೆ ಇವತ್ತೇ ಹೋಗುತ್ತದೆ, ಮರ ಬೆಳೆಯಲು ದಶಕಗಳು ಬೇಕು. ಕಸ, ಸಗಣಿ, ಬೆಳೆಯ ತ್ಯಾಜ್ಯದಿಂದ ಗ್ಯಾಸ್ ಮಾಡುವುದು ಬೇರೆ ಮಾತು. ಹೇಗೂ ಕೊಳೆಯುವ ವಸ್ತು ಅದು. ಅದನ್ನು ಮಾಡಲೇಬೇಕು.

ಕೂಡಿಡುವುದು

ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ ಒಂದು ದೊಡ್ಡ ಬ್ಯಾಟರಿ ಬಂತು. 100 ಮೆಗಾವ್ಯಾಟ್ ಸಾಮರ್ಥ್ಯ, 129 ಮೆಗಾವ್ಯಾಟ್ ಗಂಟೆ ಸಂಗ್ರಹ. ಅಂದರೆ ಪೂರ್ತಿ ವೇಗದಲ್ಲಿ ಬಿಟ್ಟರೆ ಒಂದೂ ಕಾಲು ಗಂಟೆಯಲ್ಲಿ ಖಾಲಿ. ಆಗ ತುಂಬ ಜನ ಇದರಿಂದ ಏನಾಗುತ್ತದೆ ಅಂದರು. ಆದರೆ ಗ್ರಿಡ್ ಏರುಪೇರಾದಾಗ ಸೆಕೆಂಡಿನೊಳಗೆ ಎಚ್ಚೆತ್ತು ಹಿಡಿದುಕೊಳ್ಳುವ ಕೆಲಸವನ್ನು ಅದು ಗ್ಯಾಸ್ ಸ್ಥಾವರಗಳಿಗಿಂತ ಚುರುಕಾಗಿ ಮಾಡಿತು. 2010ರಿಂದ ಈಚೆಗೆ ಲಿಥಿಯಂ ಬ್ಯಾಟರಿಯ ಬೆಲೆ ಸುಮಾರು ಶೇ. 90 ಇಳಿದಿದೆ. ಮಧ್ಯಾಹ್ನದ ಬಿಸಿಲನ್ನು ಸಂಜೆಗೆ ಒಯ್ಯುವುದು ಈಗ ಹಣದ ಪ್ರಶ್ನೆ, ತಂತ್ರಜ್ಞಾನದ್ದಲ್ಲ.

ಆದರೆ ಗಂಟೆಗಳ ಸಂಗ್ರಹ ಬೇರೆ, ವಾರಗಳ ಸಂಗ್ರಹ ಬೇರೆ, ಋತುಗಳ ಸಂಗ್ರಹ ಮತ್ತೂ ಬೇರೆ. ಮೋಡ ಕವಿದು, ಗಾಳಿಯೂ ನಿಂತು, ಹತ್ತು ದಿನ ಹಾಗೇ ಇದ್ದರೆ ಬ್ಯಾಟರಿ ಸಾಲುವುದಿಲ್ಲ. ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಅನಿಲ ಮಾಡಿ ಇಟ್ಟುಕೊಳ್ಳಬಹುದು, ಆದರೆ ಕರೆಂಟಿನಿಂದ ಹೈಡ್ರೋಜನ್, ಮತ್ತೆ ಅದರಿಂದ ಕರೆಂಟ್ ಅಂತ ಒಂದು ಸುತ್ತು ಹೊಡೆದರೆ ಕೈಗೆ ಉಳಿಯುವುದು ಮೂರನೇ ಒಂದು ಭಾಗದ ಆಸುಪಾಸು. ಹೀಗಾಗಿ ಮೊದಲ ಶೇ. 80 ಬದಲಾವಣೆ ಅಗ್ಗ, ಕೊನೆಯ ಶೇ. 10 ದುಬಾರಿ. ಇದನ್ನು ಮುಚ್ಚಿಡಬಾರದು. ಆ ಕೊನೆಯ ಹತ್ತರ ನೆಪ ಹೇಳಿ ಮೊದಲ ಎಂಬತ್ತನ್ನು ಮುಂದೂಡಲೂಬಾರದು.

"ಕಲ್ಲಿದ್ದಲು, ಗ್ಯಾಸ್ ಆದರೆ ಯಾವಾಗಲೂ ನಂಬಬಹುದು" ಅನ್ನುವವರಿಗೆ 2021ರ ಫೆಬ್ರವರಿಯ ಟೆಕ್ಸಾಸ್ ನೆನಪಿಸುತ್ತೇನೆ. ಭಾರಿ ಚಳಿಗೆ ಗಾಳಿಯಂತ್ರಗಳೂ ಹೆಪ್ಪುಗಟ್ಟಿದವು. ಆದರೆ ಎಲ್ಲಕ್ಕಿಂತ ಜಾಸ್ತಿ ಕೈಕೊಟ್ಟದ್ದು ಗ್ಯಾಸ್. ಬಾವಿ, ಕೊಳವೆ, ಸ್ಥಾವರ ಎಲ್ಲ ಹೆಪ್ಪುಗಟ್ಟಿದವು. ಸರ್ಕಾರಿ ಲೆಕ್ಕದಲ್ಲೇ 246 ಜನ ಸತ್ತರು. ಯಾವ ಮೂಲವಾದರೂ ಹವಾಮಾನಕ್ಕೆ ತಯಾರಿ ಇಲ್ಲದಿದ್ದರೆ ಬೀಳುತ್ತದೆ.

ಬಡ್ಡಿ ಅನ್ನುವ ಮರೆತ ಲೆಕ್ಕ

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಕಲ್ಲಿದ್ದಲು ಸ್ಥಾವರದಲ್ಲಿ ಕಟ್ಟುವ ಖರ್ಚು ಒಂದಿಷ್ಟು, ಆಮೇಲೆ ಪ್ರತಿದಿನ ಇಂಧನದ ಖರ್ಚು. ಸೋಲಾರ್, ಗಾಳಿಯಲ್ಲಿ ಇಂಧನದ ಖರ್ಚೇ ಇಲ್ಲ. ಹೆಚ್ಚು ಕಡಿಮೆ ಎಲ್ಲ ಹಣವನ್ನೂ ಮೊದಲೇ ಹಾಕಬೇಕು. ಇಪ್ಪತ್ತೈದು ವರ್ಷದ ಬಾಡಿಗೆಯನ್ನು ಮನೆಗೆ ಕಾಲಿಡುವ ದಿನವೇ ಕೊಟ್ಟ ಹಾಗೆ. ಅಷ್ಟು ಹಣ ಕೈಯಲ್ಲಿ ಇರುವುದಿಲ್ಲ, ಸಾಲ ಮಾಡಬೇಕು. ಆಗ ಬಡ್ಡಿಯೇ ಕರೆಂಟಿನ ಬೆಲೆಯನ್ನು ತೀರ್ಮಾನಿಸುತ್ತದೆ.

ಲೆಕ್ಕ ಹಾಕಿ ನೋಡಿ. 100 ಸಾಲ, 25 ವರ್ಷದ ಅವಧಿ. ಬಡ್ಡಿ ಶೇ. 4 ಇದ್ದರೆ ವರ್ಷದ ಕಂತು ಸುಮಾರು 6.4. ಬಡ್ಡಿ ಶೇ. 12 ಆದರೆ ಕಂತು 12.75. ಹೆಚ್ಚು ಕಡಿಮೆ ಎರಡರಷ್ಟು. ಅದೇ ಪ್ಯಾನೆಲ್, ಅದೇ ಬಿಸಿಲು, ಕರೆಂಟಿನ ಬೆಲೆ ಮಾತ್ರ ಎರಡರಷ್ಟು. ಶ್ರೀಮಂತ ದೇಶಗಳಿಗೆ ಸಾಲ ಅಗ್ಗವಾಗಿ ಸಿಗುತ್ತದೆ. ಬಡ ದೇಶಗಳಿಗೆ ದುಬಾರಿ. ಬಿಸಿಲು ಹೇರಳವಾಗಿರುವ ಬಡ ದೇಶವೊಂದು ಮೋಡ ಕವಿದ ಶ್ರೀಮಂತ ದೇಶಕ್ಕಿಂತ ದುಬಾರಿ ಸೋಲಾರ್ ಕರೆಂಟ್ ಕೊಳ್ಳಬೇಕಾಗಿ ಬರುವುದು ಹೀಗೆ. ಇದು ತಂತ್ರಜ್ಞಾನದ ದೋಷ ಅಲ್ಲ, ಹಣಕಾಸಿನ ಅನ್ಯಾಯ. ಹವಾಮಾನದ ಸಭೆಗಳಲ್ಲಿ ಹೊಸ ಹೊಸ ಗುರಿ ಘೋಷಿಸುವುದಕ್ಕಿಂತ ಈ ಬಡ್ಡಿಯನ್ನು ಇಳಿಸಲು ಖಾತರಿ ಕೊಟ್ಟರೆ ಹೆಚ್ಚು ಕೆಲಸ ಆಗುತ್ತದೆ.

ದಕ್ಷಿಣ ಅಮೆರಿಕದ ಉರುಗ್ವೆ ಇದನ್ನು ಅರ್ಥ ಮಾಡಿಕೊಂಡ ದೇಶ. ಅಲ್ಲಿ ಎಣ್ಣೆಯೂ ಇಲ್ಲ, ಕಲ್ಲಿದ್ದಲೂ ಇಲ್ಲ. ಬರ ಬಂದರೆ ಎಣ್ಣೆ ಆಮದು ಮಾಡಿ ಕರೆಂಟ್ ಮಾಡುತ್ತಿದ್ದರು. 2008ರಲ್ಲಿ ಹೊಸ ಇಂಧನ ನೀತಿ ತಂದರು. 2010ರಲ್ಲಿ ವಿರೋಧ ಪಕ್ಷಗಳೂ ಅದಕ್ಕೆ ಒಪ್ಪಿ ಸಹಿ ಹಾಕಿದವು. ಗಾಳಿ ಕರೆಂಟನ್ನು ಇಪ್ಪತ್ತು ವರ್ಷ ಇದೇ ಬೆಲೆಗೆ ಕೊಳ್ಳುತ್ತೇವೆ ಅಂತ ಸರ್ಕಾರಿ ವಿದ್ಯುತ್ ಕಂಪನಿ ಕರಾರು ಮಾಡಿಕೊಂಡಿತು. ಸರ್ಕಾರ ಬದಲಾದರೂ ಕರಾರು ಬದಲಾಗುವುದಿಲ್ಲ ಅಂತ ಹೂಡಿಕೆದಾರರಿಗೆ ನಂಬಿಕೆ ಬಂದದ್ದರಿಂದ ಹಣ ಬಂತು. ಹತ್ತು ವರ್ಷದೊಳಗೆ ಕರೆಂಟಿನಲ್ಲಿ ಶೇ. 90ಕ್ಕಿಂತ ಹೆಚ್ಚು ನವೀಕರಿಸಬಹುದಾದ ಮೂಲಗಳಿಂದ ಬರತೊಡಗಿತು. ನೀರು ಮೊದಲೇ ಇತ್ತು. ಗಾಳಿ ಸೇರಿದ ಮೇಲೆ ಆ ನೀರೇ ಅವರಿಗೆ ಬ್ಯಾಟರಿ ಆಯಿತು.

ಬ್ರಿಟನ್ನಿನ ಕಥೆ ಬೇರೆ. ಲಂಡನ್ನಿನ ಹಾಲ್ಬರ್ನ್ ವಯಾಡಕ್ಟ್‌ನಲ್ಲಿ 1882ರಲ್ಲಿ ಕಲ್ಲಿದ್ದಲಿನ ಸಾರ್ವಜನಿಕ ವಿದ್ಯುತ್ ಸ್ಥಾವರ ಶುರು ಮಾಡಿದ ದೇಶ ಅದು. 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ಸ್ಥಾವರ ರಾಟ್‌ಕ್ಲಿಫ್ ಅನ್ನು ಮುಚ್ಚಿತು. ಮೊದಮೊದಲು ಕಲ್ಲಿದ್ದಲಿನ ಜಾಗಕ್ಕೆ ಗ್ಯಾಸ್ ಬಂತು, ಆಮೇಲೆ ಸಮುದ್ರದ ಗಾಳಿ ಬಂತು. ಇಂಗಾಲಕ್ಕೆ ಬೆಲೆ ಕಟ್ಟಿದ್ದು, ಅಂದರೆ ಹೊರಬಿಟ್ಟಷ್ಟು ಇಂಗಾಲಕ್ಕೆ ಸ್ಥಾವರದವರು ಹಣ ಕೊಡಬೇಕು ಅಂತ ಮಾಡಿದ್ದು, ದೊಡ್ಡ ಕಾರಣ. ಮೊದಲು ಹೇಳಿದ ಆ ಅರ್ಧ ಬಿಲ್ಲಿಗೆ ಉಳಿದ ಅರ್ಧದ ಒಂದು ಪಾಲನ್ನು ಸೇರಿಸಿದ ಕೂಡಲೇ ಕಲ್ಲಿದ್ದಲು ತಾನಾಗೇ ಹಿಂದೆ ಸರಿಯಿತು.

ಇನ್ನೂ ಕೈಗೆ ಸಿಗದ ಜಾಗಗಳಿವೆ. ಉಕ್ಕಿನ ಕುಲುಮೆಯಲ್ಲಿ ಕಲ್ಲಿದ್ದಲು ಬಿಸಿಗೆ ಮಾತ್ರ ಅಲ್ಲ, ಅದಿರಿನಿಂದ ಆಮ್ಲಜನಕ ಕೀಳಲಿಕ್ಕೂ ಬೇಕು. ಸಿಮೆಂಟಿನಲ್ಲಿ ಸುಣ್ಣದ ಕಲ್ಲೇ ಇಂಗಾಲ ಬಿಡುತ್ತದೆ, ಕುಲುಮೆಗೆ ಏನೇ ಹಾಕಿದರೂ. ದೂರದ ವಿಮಾನಕ್ಕೆ ಬ್ಯಾಟರಿಯ ಭಾರ ಹೊರಲು ಆಗುವುದಿಲ್ಲ. ದುಬಾರಿ ಹೈಡ್ರೋಜನ್ ಮತ್ತು ಸೀಮಿತ ಸಸ್ಯ ಇಂಧನ ಏನಿದ್ದರೂ ಇಂಥ ಜಾಗಕ್ಕೆ ಮೀಸಲಿಡಬೇಕು. ಕಾರಿಗೂ ಅಡುಗೆ ಒಲೆಗೂ ಅದನ್ನು ಹಂಚುವುದು ವ್ಯರ್ಥ.

ಸಭೆಯ ಪ್ರಶ್ನೆಗಳು

*ಅಣುಶಕ್ತಿಯ ಬಗ್ಗೆ ನೀವು ಏನೂ ಹೇಳಲಿಲ್ಲ.*

ಅದು ನವೀಕರಿಸಬಹುದಾದ ಮೂಲ ಅಲ್ಲ, ಅದಕ್ಕೆ ಬಿಟ್ಟೆ. ಆದರೆ ಇಂಗಾಲದ ಲೆಕ್ಕದಲ್ಲಿ ಅದು ಗಾಳಿಯಷ್ಟೇ ಹಗುರ. ಐಪಿಸಿಸಿ ಪಟ್ಟಿಯಲ್ಲಿ ಯೂನಿಟ್ಟಿಗೆ 12 ಗ್ರಾಂ. ನಡೆಯುತ್ತಿರುವ ಸುರಕ್ಷಿತ ಸ್ಥಾವರವನ್ನು ಮುಚ್ಚಿ ಅದರ ಜಾಗದಲ್ಲಿ ಕಲ್ಲಿದ್ದಲು ಉರಿಸುವುದನ್ನು ನಾನು ಒಪ್ಪುವುದಿಲ್ಲ. ಹೊಸದು ಕಟ್ಟುವುದಾದರೆ ಖರ್ಚು ಮತ್ತು ಕಾಲ ಎರಡೂ ಜಾಸ್ತಿ. ಬಡ್ಡಿಯ ಲೆಕ್ಕ ಅಲ್ಲಿ ಇನ್ನೂ ಗಟ್ಟಿಯಾಗಿ ಹೊಡೆಯುತ್ತದೆ.

*ಇಪ್ಪತ್ತೈದು ವರ್ಷ ಆದ ಮೇಲೆ ಈ ಪ್ಯಾನೆಲ್, ಬ್ಯಾಟರಿಗಳ ಕಸ ಏನಾಗುತ್ತದೆ? ಗಣಿಗಾರಿಕೆಯ ಹಾನಿ?*

ಹಾನಿ ಇದೆ. ಪ್ರಪಂಚದ ಕೋಬಾಲ್ಟಿನಲ್ಲಿ ಸುಮಾರು ಶೇ. 70 ಕಾಂಗೋದಿಂದ ಬರುತ್ತದೆ. ಅಲ್ಲಿನ ಸಣ್ಣ ಗಣಿಗಳಲ್ಲಿ ಮಕ್ಕಳು ದುಡಿದದ್ದು ದಾಖಲಾಗಿದೆ. ಕೋಬಾಲ್ಟ್ ಬೇಡದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಈಗ ವ್ಯಾಪಕವಾಗಿ ಬಂದಿವೆ. ಹಾಗಂತ ಹಳೆಯ ಹಾನಿ ಅಳಿಸಿಹೋಗುವುದಿಲ್ಲ. ಪ್ಯಾನೆಲ್ ತಯಾರಿಕೆಯ ಎಲ್ಲ ಹಂತಗಳಲ್ಲೂ ಶೇ. 80ಕ್ಕಿಂತ ಹೆಚ್ಚು ಚೀನಾ ಒಂದರಲ್ಲೇ ಇದೆ. ಇದೂ ಚಿಂತೆಯ ವಿಷಯವೇ.

ಪ್ರಮಾಣವನ್ನು ಮಾತ್ರ ಎದುರುಬದುರು ಇಟ್ಟು ನೋಡಿ. ಪ್ರಪಂಚ ಪ್ರತಿ ವರ್ಷ 800 ಕೋಟಿ ಟನ್‌ಗೂ ಹೆಚ್ಚು ಕಲ್ಲಿದ್ದಲು ಅಗೆಯುತ್ತದೆ. ಸುಟ್ಟ ಮೇಲೆ ಮುಂದಿನ ವರ್ಷ ಮತ್ತೆ ಅಷ್ಟೇ ಅಗೆಯಬೇಕು. 2050ರವರೆಗೆ ಕೂಡಿಬರುವ ಪ್ಯಾನೆಲ್ ಕಸ ಎಲ್ಲ ಸೇರಿ ಹೆಚ್ಚೆಂದರೆ 7.8 ಕೋಟಿ ಟನ್ ಅಂತ 2016ರಲ್ಲಿ ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಅಂದಾಜು ಮಾಡಿತ್ತು. ಬಳಕೆ ಅಂದುಕೊಂಡದ್ದಕ್ಕಿಂತ ವೇಗವಾಗಿ ಬೆಳೆದಿದೆ, ಆದ್ದರಿಂದ ಅದು ದುಪ್ಪಟ್ಟೇ ಆಗಲಿ ಅಂತ ಇಟ್ಟುಕೊಳ್ಳಿ. ಆಗಲೂ ಕಲ್ಲಿದ್ದಲಿನ ಬರೀ ಒಂದು ವರ್ಷದ ಬೂದಿಗೆ ಅದು ಸಮ ಬರುವುದಿಲ್ಲ.

ಪ್ಯಾನೆಲ್ ತೂಕದಲ್ಲಿ ಬಹುಪಾಲು ಗಾಜು, ಆಮೇಲೆ ಅಲ್ಯೂಮಿನಿಯಂ ಚೌಕಟ್ಟು. ಅವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ. ಸ್ವಲ್ಪವೇ ಇರುವ ಬೆಳ್ಳಿ, ಸಿಲಿಕಾನ್ ತೆಗೆಯುವುದು ಕಷ್ಟ, ಲಾಭವೂ ಕಡಿಮೆ. ಲಾಭ ಇಲ್ಲದ ಕಡೆ ಕಾನೂನು ಬೇಕು. ಯೂರೋಪಿಯನ್ ಒಕ್ಕೂಟ 2012ರಲ್ಲೇ ಪ್ಯಾನೆಲ್‌ಗಳನ್ನು ಇ-ತ್ಯಾಜ್ಯದ ನಿಯಮಕ್ಕೆ ಸೇರಿಸಿತು. ಮಾರಿದವರೇ ಹಳೆಯದನ್ನು ವಾಪಸ್ ತೆಗೆದುಕೊಳ್ಳುವ ಹೊಣೆ ಹೊರಬೇಕು. ಈಗ ಹಾಕುತ್ತಿರುವ ಪ್ಯಾನೆಲ್‌ಗಳು ಇಳಿಯುವುದು 2050ರ ಹೊತ್ತಿಗೆ. ಮಾರಿದ ಕಂಪನಿ ಆಗ ಇರುತ್ತದೆ ಅನ್ನುವ ಖಾತರಿ ಇಲ್ಲ. ಆದ್ದರಿಂದ ಬಿಚ್ಚುವ, ಮರುಬಳಸುವ ಖರ್ಚನ್ನು ಕೊಳ್ಳುವ ದಿನವೇ ಬೆಲೆಯಲ್ಲಿ ಸೇರಿಸಿ ಬೇರೆ ನಿಧಿಯಲ್ಲಿ ಇಡಿಸಬೇಕು. ಪ್ಯಾನೆಲ್ ಇಷ್ಟು ಅಗ್ಗವಾಗಿರುವ ಈ ಹೊತ್ತಿನಲ್ಲಿ ಆ ಸಣ್ಣ ಹೊರೆ ಯಾರಿಗೂ ಭಾರ ಆಗುವುದಿಲ್ಲ.